ಹೆಸರು ಬದಲಿಸುವ ಸಮಿತಿ, ಆಫೀಸಿಗೆ ಹೋಗದ ಜನ

ಸಮಿತಿ ಅಂದ ತಕ್ಷಣ ನಮಗೆ ನೆನಪಾಗೋದು ಗಣೇಶೋತ್ಸವದ ಚಂದಾ ರಸೀದಿ, ಇಲ್ಲವೇ ನೀರಿನ ಟ್ಯಾಂಕರ್ ವಿಷಯಕ್ಕೆ ಜಗಳ ಆಗುವ ಅಪಾರ್ಟ್‌ಮೆಂಟ್ ಮೀಟಿಂಗ್. ಅಲ್ಲಿ ಲೆಕ್ಕ ಕೇಳಬಹುದು. ಸರಿ ಬರಲಿಲ್ಲ ಅಂದ್ರೆ ಮುಂದಿನ ವರ್ಷ ಬೇರೆಯವರನ್ನು ಕೂರಿಸಬಹುದು. ಇವೆರಡೂ ಇಲ್ಲದ ಒಂದು ಸಮಿತಿ ಇಡೀ ದೇಶವನ್ನೇ ಆಳಿದರೆ ಹೇಗಿರುತ್ತೆ? ಉತ್ತರಕ್ಕೆ ತುಂಬಾ ದೂರ ಹೋಗಬೇಕಿಲ್ಲ. ಭಾರತದ ಜೊತೆ 1,643 ಕಿಲೋಮೀಟರ್ ಗಡಿ ಹಂಚಿಕೊಂಡಿರುವ ಮ್ಯಾನ್ಮಾರ್ ಇದೆ.

2021ರ ಫೆಬ್ರುವರಿ 1, ಸೋಮವಾರ. ವ್ಯಾಯಾಮ ಶಿಕ್ಷಕಿಯೊಬ್ಬರು ರಸ್ತೆ ಬದಿ ಏರೋಬಿಕ್ಸ್ ಮಾಡುತ್ತಿರುವಾಗ ಹಿಂದೆ ಸಾಲು ಸಾಲು ಕಪ್ಪು ವಾಹನಗಳು ಸಂಸತ್ತಿನ ಕಡೆ ಹೋಗುವ ವಿಡಿಯೊ ನಿಮ್ಮ ಫೋನಿಗೂ ಬಂದಿರಬಹುದು. ನನ್ನ ಗಮನ ಸೆಳೆದದ್ದು ಇನ್ನೊಂದು ಚಿತ್ರ, ಆ ದೇಶದ ಇಂಟರ್ನೆಟ್ ಸಂಪರ್ಕದ ಗ್ರಾಫ್. ಅಲ್ಲಿನ ಸಮಯ ನಸುಕಿನ ಮೂರು ಗಂಟೆಗೆ ಇಳಿಯಲು ಶುರುವಾದ ಗೆರೆ, ಬೆಳಗ್ಗೆ ಎಂಟರ ಹೊತ್ತಿಗೆ ಅರ್ಧಕ್ಕೆ ಬಂದಿತ್ತು. ಸರ್ವರ್ ಬಿದ್ದರೆ ರಾತ್ರಿ ಎದ್ದು ಕೂರುವ ಕೆಲಸ ನನ್ನದು. ಆದರೆ ಇದು ಬಿದ್ದದ್ದಲ್ಲ, ಬೀಳಿಸಿದ್ದು.

ಎಲ್ಲಾ ಕಾನೂನಿನ ಪ್ರಕಾರ!

2020ರ ನವೆಂಬರ್ ಚುನಾವಣೆಯಲ್ಲಿ ಆಂಗ್ ಸಾನ್ ಸೂಕಿ ಅವರ ಪಕ್ಷ ಸಂಸತ್ತಿನಲ್ಲಿ 396 ಸ್ಥಾನ ಗೆದ್ದಿತ್ತು. ಸೇನೆಯ ಬೆಂಬಲವಿದ್ದ ಪಕ್ಷಕ್ಕೆ ಸಿಕ್ಕಿದ್ದು 33. ಹೊಸ ಸಂಸತ್ತು ಸೇರಬೇಕಿದ್ದ ದಿನವೇ ಸೇನೆ ಸೂಕಿ ಮತ್ತು ಅಧ್ಯಕ್ಷರನ್ನು ಬಂಧಿಸಿತು. ಉಪಾಧ್ಯಕ್ಷರಾಗಿದ್ದ ಮಾಜಿ ಜನರಲ್ ಹಂಗಾಮಿ ಅಧ್ಯಕ್ಷರಾದರು, ತುರ್ತು ಪರಿಸ್ಥಿತಿಗೆ ಸಹಿ ಹಾಕಿದರು, ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಮೂರರ ಅಧಿಕಾರವನ್ನೂ ಸೇನಾ ಮುಖ್ಯಸ್ಥ ಮಿನ್ ಆಂಗ್ ಲೈಂಗ್ ಕೈಗೆ ಕೊಟ್ಟರು. ಮಾರನೇ ದಿನ ‘ರಾಜ್ಯ ಆಡಳಿತ ಮಂಡಳಿ’ ಹುಟ್ಟಿತು. ಮೊದಲ ಪಟ್ಟಿಯ 11 ಸದಸ್ಯರಲ್ಲಿ 8 ಮಂದಿ ಸೇನಾಧಿಕಾರಿಗಳು.

ಸೂಕಿ ಮೇಲೆ ಹಾಕಿದ ಮೊದಲ ಕೇಸು ಯಾವುದು ಗೊತ್ತೇ? ಅಕ್ರಮವಾಗಿ ತರಿಸಿದ ವಾಕಿಟಾಕಿ ಇಟ್ಟುಕೊಂಡಿದ್ದು!

ತುರ್ತು ಪರಿಸ್ಥಿತಿ ಒಂದೇ ವರ್ಷಕ್ಕೆ ಅಂದಿದ್ದರು. ಸಂವಿಧಾನದ ಪ್ರಕಾರ ಸಾಮಾನ್ಯವಾಗಿ ಆರಾರು ತಿಂಗಳಂತೆ ಎರಡು ಸಲ ಮಾತ್ರ ಮುಂದೂಡಬಹುದು. ಇವರು ಮುಂದೂಡಿದ್ದು ಏಳು ಸಲ.

ಇದು ಅಲ್ಲಿಗೆ ಹೊಸದೂ ಅಲ್ಲ. 1962ರಲ್ಲಿ ಬಂದದ್ದು ‘ಕ್ರಾಂತಿಕಾರಿ ಮಂಡಳಿ’. 1988ರಲ್ಲಿ ‘ರಾಜ್ಯ ಕಾನೂನು ಸುವ್ಯವಸ್ಥೆ ಪುನಃಸ್ಥಾಪನಾ ಮಂಡಳಿ’. 1997ರಲ್ಲಿ ಅದೇ ಮಂಡಳಿ ‘ರಾಜ್ಯ ಶಾಂತಿ ಮತ್ತು ಅಭಿವೃದ್ಧಿ ಮಂಡಳಿ’ ಆಯಿತು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಫೋಲ್ಡರ್ ಹೆಸರು ಬದಲಾಯ್ತು, ಒಳಗಿನ ಕೋಡ್ ಅದೇ. 2008ರಲ್ಲಿ ಸೇನೆಯೇ ಬರೆಸಿದ ಸಂವಿಧಾನದಲ್ಲಿ ಸಂಸತ್ತಿನ ಶೇಕಡಾ 25 ಸ್ಥಾನ ಸೇನೆಗೆ ಮೀಸಲು. ಮುಖ್ಯ ತಿದ್ದುಪಡಿಗಳಿಗೆ ಶೇಕಡಾ 75ಕ್ಕಿಂತ ಹೆಚ್ಚು ಮತ ಬೇಕು. ಅಂದ್ರೆ ಸೇನೆ ಒಪ್ಪದೆ ಒಂದಕ್ಷರ ಅಲ್ಲಾಡದು. ಹಳೆಯ ಎರಡು ಮಂಡಳಿಗಳ ಹೆಸರು ಹೇಳಿ, ಅವು ಮಾಡಿದ ಕೆಲಸಕ್ಕೆ ಕೇಸು ಹಾಕುವಂತಿಲ್ಲ ಎಂದೂ ಅದರಲ್ಲೇ ಬರೆದಿದ್ದಾರೆ.

ಆದೇಶ ಬಂದದ್ದು ಯಾರ ಟೇಬಲ್ಲಿಗೆ?

ಈ ಭಾಗವೇ ನನ್ನನ್ನು ಹೆಚ್ಚು ಕಾಡಿದ್ದು. ಸೈನಿಕ ಸಂಸತ್ ಭವನಕ್ಕೆ ಬೀಗ ಹಾಕಬಹುದು. ಆದರೆ ಫೇಸ್‌ಬುಕ್ ನಿಲ್ಲಿಸಲು, ಫೆಬ್ರುವರಿ 15ರಿಂದ ರಾತ್ರಿ ಒಂದರಿಂದ ಬೆಳಗ್ಗೆ ಒಂಬತ್ತರವರೆಗೆ ಇಂಟರ್ನೆಟ್ ಬಂದ್ ಮಾಡಲು ಎಂಜಿನಿಯರ್ ಬೇಕು. ನಾರ್ವೆಯ ಟೆಲಿನಾರ್ ಕಂಪನಿ ಮೊದಲು ತನಗೆ ಬಂದ ಆದೇಶಗಳನ್ನು ವೆಬ್‌ಸೈಟಿನಲ್ಲಿ ಪ್ರಕಟಿಸುತ್ತಿತ್ತು. ಎರಡು ವಾರದೊಳಗೆ ಅದನ್ನೂ ಮಾಡಲಾಗುತ್ತಿಲ್ಲ ಎಂದಿತು. ಮರುವರ್ಷ ದೇಶವನ್ನೇ ಬಿಟ್ಟು ಹೋಯಿತು.

ಸಮಿತಿಗೆ ಜನರ ಮತ ಬೇಡ, ಜನರ ಕೆಲಸ ಬೇಕು. ಇದನ್ನು ಮೊದಲು ಅರ್ಥ ಮಾಡಿಕೊಂಡವರು ಸರ್ಕಾರಿ ಆಸ್ಪತ್ರೆಗಳ ಡಾಕ್ಟರುಗಳು. ‘ನಾವು ಈ ಮಂಡಳಿಯ ಕೈಕೆಳಗೆ ಕೆಲಸ ಮಾಡಲ್ಲ’ ಎಂದು ಹೊರಬಂದರು. ಶಿಕ್ಷಕರು, ಬ್ಯಾಂಕಿನವರು, ರೈಲ್ವೆಯವರು ಸೇರಿಕೊಂಡರು. ರೈಲು ನಿಂತಿತು, ಬ್ಯಾಂಕಿನ ಬಾಗಿಲು ಮುಚ್ಚಿತು. ರಾತ್ರಿ ಎಂಟಕ್ಕೆ ಮನೆ ಮನೆಯಲ್ಲೂ ಪಾತ್ರೆ ಬಡಿಯುವ ಸದ್ದು. ಕೊರೊನಾ ಶುರುವಾದಾಗ ನಾವೂ ತಟ್ಟೆ ಬಡಿದೆವಲ್ಲ, ಹಾಗೇ. ಆದರೆ ಅಲ್ಲಿ ಪಾತ್ರೆ ಬಡಿಯೋದು ಮನೆಯಿಂದ ದೆವ್ವ ಓಡಿಸಲು.

ಬೆಲೆ ಸಣ್ಣದಿರಲಿಲ್ಲ. ಯಾಂಗೋನ್‌ನ ರೈಲ್ವೆ ಕ್ವಾರ್ಟರ್ಸಿಗೆ ಸೈನಿಕರು ನುಗ್ಗಿದರು, ಮುಷ್ಕರ ಹೂಡಿದ್ದ ನೌಕರರ ಕುಟುಂಬಗಳು ಮನೆ ಕಳೆದುಕೊಂಡವು. 2021ರ ಮಾರ್ಚ್ 27, ಸಶಸ್ತ್ರ ಪಡೆಗಳ ದಿನದಂದು, ಒಂದೇ ದಿನ 100ಕ್ಕೂ ಹೆಚ್ಚು ಜನ ಗುಂಡಿಗೆ ಬಲಿಯಾದರು. ಆಮೇಲೆ ನಡೆದದ್ದು ಅಂತರ್ಯುದ್ಧ. 30 ಲಕ್ಷಕ್ಕೂ ಹೆಚ್ಚು ಜನ ದೇಶದೊಳಗೇ ಊರು ಬಿಟ್ಟರು. ಸಾವಿರಾರು ಜನ ಗಡಿ ದಾಟಿ ನಮ್ಮ ಮಿಜೋರಾಂಗೆ ಬಂದರು.

ವಯಸ್ಸು 30, ಕೆಲಸ ಎಂಜಿನಿಯರ್

2024ರ ಫೆಬ್ರುವರಿಯಲ್ಲಿ ಮಂಡಳಿ ಕಡ್ಡಾಯ ಸೇನಾ ಸೇವೆಯ ಕಾನೂನನ್ನು ಜಾರಿಗೆ ತಂದಿತು. ಗಂಡಸರಿಗೆ 18ರಿಂದ 35, ಹೆಂಗಸರಿಗೆ 18ರಿಂದ 27 ವಯಸ್ಸಿನ ಮಿತಿ. ಡಾಕ್ಟರ್, ಎಂಜಿನಿಯರ್‌ನಂಥ ವೃತ್ತಿಪರ ಗಂಡಸರಿಗಾದರೆ ಮಿತಿ 45ರವರೆಗೆ, ಸೇವೆ ಮೂರು ವರ್ಷ. ಅದನ್ನು ಓದುವಾಗ ನನ್ನ ವಯಸ್ಸು, ನನ್ನ ಡಿಗ್ರಿ ಎರಡನ್ನೂ ಆ ಪಟ್ಟಿಯಲ್ಲಿಟ್ಟು ನೋಡಿದೆ. ಎರಡು ಸಲ ಸಿಕ್ಕಿಬೀಳುತ್ತೇನೆ. ನಾವು ಅಪ್ರೈಸಲ್, ಹೋಮ್ ಲೋನ್ ಅಂತ ತಲೆ ಕೆಡಿಸಿಕೊಳ್ಳುವ ವಯಸ್ಸಿನಲ್ಲಿ ಅಲ್ಲಿನ ಹುಡುಗರು ಪಾಸ್‌ಪೋರ್ಟ್ ಕಚೇರಿ ಮುಂದೆ ಕ್ಯೂ ನಿಂತರು.

ಇನ್ನೊಂದು ದಾರಿಯಲ್ಲಿ ಈ ಕಥೆ ನಮ್ಮ ಇನ್‌ಬಾಕ್ಸಿಗೂ ಬಂದಿದೆ. ‘ಥಾಯ್ಲೆಂಡ್‌ನಲ್ಲಿ ಐಟಿ ಕೆಲಸ, ಊಟ-ವಸತಿ ಉಚಿತ’ ಎಂದು ನಂಬಿಸಿ, ಗಡಿ ದಾಟಿಸಿ, ಮ್ಯಾನ್ಮಾರಿನ ಮ್ಯಾವಡ್ಡಿ ಕಡೆಯ ಸೈಬರ್ ವಂಚನೆ ಕೇಂದ್ರಗಳಲ್ಲಿ ಕೂಡಿಹಾಕುವ ಜಾಲವದು. ಸರ್ಕಾರ ಯಾರಿಗೂ ಉತ್ತರಿಸಬೇಕಿಲ್ಲದ ಕಡೆ, ಬಂದೂಕು ಹಿಡಿದ ಗುಂಪುಗಳ ನೆರಳಲ್ಲಿ ಇಂಥ ದಂಧೆ ಚೆನ್ನಾಗಿ ಬೆಳೆಯುತ್ತೆ. 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನಗಳು ಎರಡು ಬಾರಿಗೆ 549 ಭಾರತೀಯರನ್ನು ಮರಳಿ ಕರೆತಂದವು. ಅಂಥ ಆಫರ್ ನಿಮಗೋ ನಿಮ್ಮ ಕಸಿನ್‌ಗೋ ಬಂದರೆ, ಟಿಕೆಟ್ ಬುಕ್ ಮಾಡುವ ಮೊದಲು ಆ ದೇಶದ ಭಾರತೀಯ ರಾಯಭಾರ ಕಚೇರಿಗೆ ಒಂದು ಮೇಲ್ ಹಾಕಿ ವಿಚಾರಿಸಿ.

2025ರ ಜುಲೈ 31ಕ್ಕೆ ತುರ್ತು ಪರಿಸ್ಥಿತಿ ಮುಗಿಯಿತು, ರಾಜ್ಯ ಆಡಳಿತ ಮಂಡಳಿಯೂ ವಿಸರ್ಜನೆಯಾಯಿತು. ಅದರ ಜಾಗಕ್ಕೆ ಬಂದದ್ದು ‘ರಾಜ್ಯ ಭದ್ರತೆ ಮತ್ತು ಶಾಂತಿ ಆಯೋಗ’. ಅಧ್ಯಕ್ಷರು ಅದೇ ಮಿನ್ ಆಂಗ್ ಲೈಂಗ್. ಡಿಸೆಂಬರ್ 28ರಿಂದ ಹಂತ ಹಂತವಾಗಿ ಚುನಾವಣೆಯನ್ನೂ ನಡೆಸಿದರು. 2023ರಲ್ಲೇ ರದ್ದಾಗಿದ್ದ ಸೂಕಿ ಪಕ್ಷ ಕಣದಲ್ಲಿರಲಿಲ್ಲ.

ಹಾಗಾಗಿ ಎಲ್ಲೇ ಆಗಲಿ, ಸೇನೆ ಒಂದು ಸಮಿತಿ ರಚಿಸಿದೆ ಎಂಬ ಸುದ್ದಿ ಬಂದರೆ ಅದರ ಹೆಸರಿನಲ್ಲಿ ಶಾಂತಿ ಇದೆಯೋ ಅಭಿವೃದ್ಧಿ ಇದೆಯೋ ಎಂದು ನಾನೀಗ ನೋಡಲ್ಲ. ನಮ್ಮ ಗಣೇಶೋತ್ಸವ ಸಮಿತಿಗೆ ಕೇಳುವ ಎರಡೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಲೆಕ್ಕ ಯಾರಿಗೆ ಕೊಡುತ್ತಾರೆ? ಇಳಿಯೋದು ಯಾವಾಗ?