ರೈಪೇರಿಯನ್ ಅಂದ್ರೆ ಏನು?

ಕಾವೇರಿ ನೀರಿನ ಸುದ್ದಿ ಬಂದಾಗಲೆಲ್ಲ ಒಂದು ಇಂಗ್ಲಿಷ್ ಪದ ಕಿವಿಗೆ ಬೀಳುತ್ತೆ: ರೈಪೇರಿಯನ್. ಲ್ಯಾಟಿನ್‌ನಲ್ಲಿ ‘ರೀಪಾ’ ಅಂದ್ರೆ ದಡ. ಹಾಗಾಗಿ ರೈಪೇರಿಯನ್ ಅಂದ್ರೆ ಹೊಳೆದಂಡೆಗೆ ಸೇರಿದ್ದು.

ಮದ್ದೂರಿನಲ್ಲಿ ಶಿಂಷಾ ದಡಕ್ಕೆ ಅಂಟಿಕೊಂಡ ಹೊಲ ರೈಪೇರಿಯನ್ ಜಮೀನು. ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯಲ್ಲಿ ಕಾವೇರಿ ಮೇಲೆ ಬಾಗಿರೋ ಹೊಳೆಮತ್ತಿ ಮರಗಳದ್ದು ರೈಪೇರಿಯನ್ ಕಾಡು. ಸರಿ, ವಿಶ್ವೇಶ್ವರಯ್ಯ ನಾಲೆ ಪಕ್ಕದ ಗದ್ದೆ? ಅದು ಅಲ್ಲ. ನಾಲೆ ಮನುಷ್ಯ ತೋಡಿದ್ದು, ಈ ಪದ ತಾನಾಗಿ ಹರಿಯೋ ನೀರಿಗೆ. ನಾಲೆ ನೀರು ಸರ್ಕಾರ ಬಿಟ್ಟರೆ ಉಂಟು, ಇಲ್ಲದಿದ್ರೆ ಇಲ್ಲ. ಮಂಡ್ಯದ ರೈತರಿಗೆ ಈ ವ್ಯತ್ಯಾಸ ಯಾರೂ ಕಲಿಸಬೇಕಿಲ್ಲ!

ಕಾನೂನಿನಲ್ಲಿ ಈ ಪದಕ್ಕೆ ತೂಕ ಜಾಸ್ತಿ. ದಡದವರು ನೀರು ಬಳಸಬಹುದು, ಆದ್ರೆ ಕೆಳಗಿನವರ ಪಾಲು ಕೆಡಿಸುವಂತಿಲ್ಲ. ಇದೇ ರೈಪೇರಿಯನ್ ಹಕ್ಕಿನ ಹಳೇ ತತ್ವ. ರಾಜ್ಯಗಳಿಗೂ ಇದೇ ಪದ: ಕಾವೇರಿ ಮಟ್ಟಿಗೆ ಕರ್ನಾಟಕ ಅಪ್ಪರ್ ರೈಪೇರಿಯನ್, ತಮಿಳುನಾಡು ಲೋಯರ್ ರೈಪೇರಿಯನ್. 2018ರಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕಕ್ಕೆ 284.75 ಟಿಎಂಸಿ, ತಮಿಳುನಾಡಿಗೆ 404.25 ಟಿಎಂಸಿ ಅಂತ ನಿಗದಿ ಮಾಡ್ತು. ನದಿ ಯಾವುದೇ ಒಂದು ರಾಜ್ಯದ ಸ್ವತ್ತಲ್ಲ ಅಂತಲೂ ಹೇಳ್ತು. ಮಳೆ ಕೈಕೊಟ್ಟ ವರ್ಷ ಆ ಅಂಕಿಯ ಬಿಸಿ ಮೊದಲು ತಟ್ಟೋದು ನಾಲೆಯ ಕೊನೆಭಾಗದ ರೈತರಿಗೆ.

ದಡದಲ್ಲಿಲ್ಲದವರಿಗೂ ಈ ನೀರು ಬೇಕು: ಬೆಂಗಳೂರು ಕಾವೇರಿ ದಡದ ಊರಲ್ಲ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಪಂಪ್ ಮಾಡಿದ ನೀರು ಅದು ಕುಡಿಯೋದು. 2018ರ ಅದೇ ತೀರ್ಪು ಬೆಂಗಳೂರಿನ ಅಗತ್ಯಕ್ಕಂತಲೇ 4.75 ಟಿಎಂಸಿ ಹೆಚ್ಚು ಕೊಟ್ಟಿತು.

ಬಳಕೆ ಸುಲಭ, ನಾಮಪದದ ಮುಂಚೆ ಇಟ್ಟರಾಯ್ತು: ರೈಪೇರಿಯನ್ ಸ್ಟೇಟ್, ರೈಪೇರಿಯನ್ ರೈಟ್ಸ್, ರೈಪೇರಿಯನ್ ಫಾರೆಸ್ಟ್.