ಬಚ್ಚಲ ನೀರು ಎಲ್ಲಿಗೆ ಹೋಯಿತು?

ನಮ್ಮ ಕಲಿಕಾ ಕೇಂದ್ರಕ್ಕೆ ಇಬ್ಬರು ಅಕ್ಕಂದಿರು ಬರುತ್ತಿದ್ದರು. ಒಬ್ಬರದು ಮೇಲಿನ ಮನೆ. ಇನ್ನೊಬ್ಬರದು ಕೆಳಗಿನ ಮನೆ. ಇಬ್ಬರಿಗೂ ಮಾತಿಲ್ಲ. ಯಾಕೆ? ಬಚ್ಚಲ ನೀರು!

ಮೇಲಿನ ಮನೆಯ ನೀರು ಕೆಳಗಿನ ಮನೆಯ ಬಾಗಿಲಿಗೆ ಬಂದು ನಿಲ್ಲುತ್ತಿತ್ತು. ಅಲ್ಲೇ ಕೆಸರು. ಅಲ್ಲೇ ನಾತ.

"ನೀರು ಇಳಿಜಾರಿಗೆ ಹರೀತದೆ. ನಾನೇನು ಮಾಡ್ಲಿ?" ಅಂತ ಮೇಲಿನ ಮನೆಯ ಅಕ್ಕ.

"ನನ್ನ ಮೊಮ್ಮಗು ಆ ಕೆಸರಲ್ಲೇ ಆಡ್ತದೆ. ನಾನೇನು ಮಾಡ್ಲಿ?" ಅಂತ ಕೆಳಗಿನ ಮನೆಯ ಅಕ್ಕ.

ಇಬ್ಬರ ಮಾತೂ ನಿಜ. ಹಾಗಾದರೆ ದಾರಿ ಏನು?

ಲೆಕ್ಕ ಹಾಕೋಣ

ಒಂದು ದಿನ ನಾವೆಲ್ಲ ಸ್ಲೇಟು ಹಿಡಿದು ಕುಳಿತೆವು. ಜಲ ಜೀವನ ಮಿಷನ್ 2019ರಲ್ಲಿ ಶುರುವಾಯಿತು. ಹಳ್ಳಿಯಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಸಿಗಬೇಕು ಎಂಬುದು ಅದರ ಗುರಿ. ಮನೆಯಲ್ಲಿ 5 ಜನ ಇದ್ದರೆ 275 ಲೀಟರ್. ಅದರಲ್ಲಿ ಮುಕ್ಕಾಲು ಪಾಲು ಹೊರಗೆ ಹೋದರೂ ಸುಮಾರು 200 ಲೀಟರ್. ಕೊಡಕ್ಕೆ 15 ಲೀಟರ್ ಹಿಡಿದರೆ 13 ಕೊಡ!

"ಅಯ್ಯೋ! ದಿನಾ 13 ಕೊಡ ಬೀದಿಗೆ ಚೆಲ್ತೀವಾ?" ಎಂದರು ಅಕ್ಕಂದಿರು.

ಹೌದು. ಮನೆಗೆ ನಲ್ಲಿ ಬಂತು. ಕೊಳೆ ನೀರೂ ಹೆಚ್ಚಿತು. ಆ ನೀರು ನಿಂತರೆ ಸೊಳ್ಳೆ ಮರಿ ಮಾಡುತ್ತದೆ. ಆನೆಕಾಲು ರೋಗ ಹರಡುವ ಸೊಳ್ಳೆಗೆ ಕೊಳೆ ನೀರೇ ತವರು. ಕುಡಿಯುವ ನೀರಿನ ಪೈಪು ಒಡೆದಿದ್ದರೆ ಕೊಳೆ ನೀರು ಅದರೊಳಗೆ ಸೇರುತ್ತದೆ. ಆಗ ವಾಂತಿಭೇದಿ ಬರುತ್ತದೆ.

ಇಂಗುಗುಂಡಿ ಮಾಡೋಣ

ಮಣ್ಣು ನೀರನ್ನು ಸೋಸುತ್ತದೆ. ಮಣ್ಣಿನಲ್ಲಿ ಕಣ್ಣಿಗೆ ಕಾಣದ ಜೀವಿಗಳಿವೆ. ಅವು ಕೊಳೆಯನ್ನು ತಿನ್ನುತ್ತವೆ. ಅದಕ್ಕೇ ಇಂಗುಗುಂಡಿ ಬೇಕು.

1. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮೀಟರ್ ಆಳದ ಗುಂಡಿ ತೆಗೆಯಿರಿ.

2. ತಳಕ್ಕೆ ದಪ್ಪ ಕಲ್ಲು ಹಾಕಿ. ಅದರ ಮೇಲೆ ಸಣ್ಣ ಕಲ್ಲು. ಅದರ ಮೇಲೆ ಜಲ್ಲಿ.

3. ಒಂದು ಹಳೆಯ ಮಡಕೆಯ ತಳಕ್ಕೆ ತೂತು ಮಾಡಿ. ಒಳಗೆ ತೆಂಗಿನ ನಾರು ತುಂಬಿ. ಮಡಕೆಯನ್ನು ಜಲ್ಲಿಯ ಮೇಲೆ ಕೂರಿಸಿ. ಬಚ್ಚಲ ನೀರು ಈ ಮಡಕೆಗೇ ಬೀಳಬೇಕು.

4. ಗುಂಡಿಯನ್ನು ಚಪ್ಪಡಿ ಕಲ್ಲಿನಿಂದ ಮುಚ್ಚಿ. ಸಂದು ಬಿಡಬೇಡಿ. ಸೊಳ್ಳೆ ಹೋಗುತ್ತದೆ.

ಕೂದಲು, ಜಿಡ್ಡು, ಅನ್ನದ ಅಗುಳು ಎಲ್ಲ ನಾರಿನಲ್ಲೇ ನಿಲ್ಲುತ್ತದೆ. 15 ದಿನಕ್ಕೊಮ್ಮೆ ನಾರು ಬದಲಿಸಿ. ಮರೆತರೆ ಗುಂಡಿ ಕಟ್ಟಿಕೊಳ್ಳುತ್ತದೆ. ಮುಸುರೆ ಪಾತ್ರೆಯ ಮೊದಲ ನೀರನ್ನು ಕಲಗಚ್ಚಿಗೆ ಹಾಕಿ. ಎಮ್ಮೆಗೂ ಆಯಿತು, ಗುಂಡಿಗೂ ಹಗುರ.

ಇದು ನೆನಪಿರಲಿ

ಬಾವಿ, ಬೋರ್‌ವೆಲ್ಲಿನಿಂದ ಗುಂಡಿ 10 ಮೀಟರಾದರೂ ದೂರ ಇರಲಿ. ಕಕ್ಕಸಿನ ನೀರನ್ನು ಇದಕ್ಕೆ ಬಿಡಬೇಡಿ. ಅದಕ್ಕೆ ಬೇರೆ ಗುಂಡಿ ಬೇಕು.

ಎರೆ ಮಣ್ಣಿನಲ್ಲಿ ನೀರು ಬೇಗ ಇಂಗುವುದಿಲ್ಲ. ಅಂಥ ಕಡೆ ಹಿತ್ತಲ ಬಾಳೆಗೆ ಕಾಲುವೆ ಮಾಡಿ ಬಿಡಿ.

ಕೆಲವು ಕೇರಿಗಳಲ್ಲಿ ಗುಂಡಿಗೂ ಜಾಗವಿಲ್ಲ, ಹಿತ್ತಲೂ ಇಲ್ಲ. ಅಲ್ಲಿ ಚರಂಡಿಯೇ ಗತಿ. ಆದರೆ ಚರಂಡಿ ನೀರು ನೇರ ಕೆರೆಗೆ ಹೋಗಬಾರದು. ಊರ ಕೊನೆಯಲ್ಲಿ ಒಂದು ತೊಟ್ಟಿ ಇರಬೇಕು. ಗಸಿ ಅಲ್ಲಿ ತಳಕ್ಕೆ ಇಳಿಯುತ್ತದೆ. ಆಮೇಲೆ ಜಲ್ಲಿ ತುಂಬಿ ಜೊಂಡು, ಕಾಬಾಳೆ ನೆಟ್ಟ ಮಡಿಯಲ್ಲಿ ನೀರು ಹಾಯಬೇಕು. ಗಿಡದ ಬೇರು, ಜಲ್ಲಿ ಎರಡೂ ಸೇರಿ ನೀರನ್ನು ತಿಳಿ ಮಾಡುತ್ತವೆ. ಆದರೂ ಆ ನೀರು ಕುಡಿಯಲು ಬಾರದು. ಇದು ಒಬ್ಬರ ಕೆಲಸವಲ್ಲ. ಗ್ರಾಮಸಭೆಗೆ ಹೋಗಿ ಕೇಳೋಣ. ಅರ್ಜಿ ಬರೆಯೋಣ. ಈಗ ನಮಗೆ ಬರೆಯಲು ಬರುತ್ತದಲ್ಲ!

ಮೇಲಿನ ಮನೆಯ ಅಕ್ಕ ಗುಂಡಿ ತೆಗೆದರು. ಮಡಕೆಗೆ ನಾರು ಎಲ್ಲಿಂದ ಬಂತು ಗೊತ್ತೇ? ಕೆಳಗಿನ ಮನೆಯಿಂದ. ಈಗ ಇಬ್ಬರೂ ಒಟ್ಟಿಗೇ ಕೇಂದ್ರಕ್ಕೆ ಬರುತ್ತಾರೆ.

ನಿಮ್ಮ ಮನೆಯಿಂದ ದಿನಕ್ಕೆ ಎಷ್ಟು ಕೊಡ ನೀರು ಹೊರಗೆ ಹೋಗುತ್ತದೆ? ಅದು ಯಾರ ಬಾಗಿಲಿಗೆ ಹೋಗುತ್ತದೆ? ನೋಡಿ ಬಂದು ಬರೆಯಿರಿ.