ಚಂಚಲ ಅವಧಾನ: ತಪಾಸಣೆಯೂ ಚಿಕಿತ್ಸೆಯೂ

‘ಹುಡುಗ ಬುದ್ಧಿವಂತ, ಆದರೆ ಲಕ್ಷ್ಯವಿಲ್ಲ.’ ಈ ಮಾತು ಕೇಳಿಬರದ ಶಾಲೆಯಿಲ್ಲ. ಲೆಕ್ಕದ ರೀತಿ ತಿಳಿದಿರುತ್ತದೆ, ನಡುವೆ ಒಂದು ಚಿಹ್ನೆ ತಪ್ಪಿ ಉತ್ತರ ಕೆಡುತ್ತದೆ. ಪಾಠ ಕೇಳಲು ಕುಳಿತವನ ಮನಸ್ಸು ಕಿಟಕಿಯಾಚೆಯ ಕಾಗೆಯ ಹಿಂದೆ ಹೋಗಿರುತ್ತದೆ. ಇಂಥ ಚಾಂಚಲ್ಯ ನಮ್ಮೆಲ್ಲರಲ್ಲಿಯೂ ಒಂದಿಷ್ಟು ಉಂಟು, ಅದು ರೋಗವಲ್ಲ. ಆದರೆ ಕೆಲವರಲ್ಲಿ ಅದು ಬಾಲ್ಯದಲ್ಲಿಯೇ ಮೊದಲಾಗಿ, ಮನೆಯಲ್ಲಿಯೂ ಶಾಲೆಯಲ್ಲಿಯೂ ಬಿಡದೆ ಕಾಡಿ, ಓದು, ಕೆಲಸ, ಸ್ನೇಹಗಳನ್ನು ಕೆಡಿಸುವಷ್ಟು ಪ್ರಬಲವಾಗಿರುತ್ತದೆ. ಈ ಸ್ಥಿತಿಯನ್ನು ವೈದ್ಯಶಾಸ್ತ್ರವು ಅವಧಾನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆಯೆಂದು ಗುರುತಿಸಿದೆ. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಎ.ಡಿ.ಎಚ್.ಡಿ. ಎನ್ನುವುದು ರೂಢಿ. ಸಹಜ ಚಾಂಚಲ್ಯಕ್ಕೂ ಈ ತೊಂದರೆಗೂ ನಡುವಣ ಗೆರೆಯನ್ನು ವೈದ್ಯರು ಹೇಗೆ ಎಳೆಯುವರು? ಎಳೆದ ಮೇಲೆ ಮಾಡುವುದೇನು? ಇವೆರಡನ್ನು ಇಲ್ಲಿ ವಿಚಾರಿಸೋಣ.

ಮಕ್ಕಳಿಗೆ ಮಾತ್ರವೆ?

ಈ ತೊಂದರೆ ಹೊಸದಲ್ಲ. ಸ್ಕಾಟ್ಲೆಂಡಿನ ವೈದ್ಯ ಅಲೆಕ್ಸಾಂಡರ್ ಕ್ರೈಟನ್ 1798ರಲ್ಲಿಯೇ ನಿಲ್ಲದ ಅವಧಾನವನ್ನು ಕುರಿತು ಬರೆದಿದ್ದನು. 1902ರಲ್ಲಿ ಜಾರ್ಜ್ ಸ್ಟಿಲ್ ಎಂಬ ಮಕ್ಕಳ ವೈದ್ಯನು ಲಂಡನ್ನಿನಲ್ಲಿ ನೀಡಿದ ಉಪನ್ಯಾಸಗಳಲ್ಲಿ, ಬುದ್ಧಿಯಲ್ಲಿ ಕೊರತೆಯಿಲ್ಲದಿದ್ದರೂ ತಮ್ಮನ್ನು ತಾವು ತಡೆದುಕೊಳ್ಳಲಾರದ ಮಕ್ಕಳನ್ನು ವರ್ಣಿಸಿದನು. 1968ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯು ಇದನ್ನು ಬಾಲ್ಯದ ವ್ಯಾಧಿಗಳಲ್ಲಿ ಸೇರಿಸಿ, ಹರೆಯ ಬಂದಂತೆ ಸಾಮಾನ್ಯವಾಗಿ ಇಳಿಯುವುದೆಂದು ಹೇಳಿತು.

ಆ ಮಕ್ಕಳು ಬೆಳೆದ ಮೇಲೂ ಅವರನ್ನು ಗಮನಿಸುತ್ತ ಬಂದ ಸಂಶೋಧಕರಿಗೆ ಬೇರೆ ಸಂಗತಿ ಕಂಡಿತು. ಅನೇಕರಲ್ಲಿ ತೊಂದರೆ ಮುಂದುವರಿಯುತ್ತದೆ; ಅದರ ರೂಪ ಮಾತ್ರ ಬದಲಾಗುತ್ತದೆ. ಬೆಂಚಿನಿಂದ ಬೆಂಚಿಗೆ ಜಿಗಿಯುತ್ತಿದ್ದ ಹುಡುಗ ದೊಡ್ಡವನಾದ ಮೇಲೆ ಕುರ್ಚಿಯಲ್ಲಿಯೇ ಕೂರುತ್ತಾನೆ. ಕುದಿತ ಒಳಗೆ ಉಳಿಯುತ್ತದೆ. ಅರ್ಜಿಯ ಗಡುವು ಮೀರುತ್ತದೆ, ಹತ್ತು ಕೆಲಸ ತೊಡಗಿ ಒಂದೂ ಮುಗಿಯುವುದಿಲ್ಲ. ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ತೊಡಕುಂಟು. ಗದ್ದಲವಿಲ್ಲದೆ ಬರಿಯ ಮೈಮರೆವಿನ ರೂಪದಲ್ಲಿ ಇರುವಾಗ ಅದು ಯಾರ ಕಣ್ಣಿಗೂ ಬೀಳದೆ ಹೋಗುವುದುಂಟು. ಆದ್ದರಿಂದ ಹತ್ತೊಂಬತ್ತರಲ್ಲಿಯಾಗಲಿ ನಲವತ್ತೈದರಲ್ಲಿಯಾಗಲಿ ತಪಾಸಣೆ ಮಾಡಿಸಿಕೊಳ್ಳಬಾರದೆಂಬ ನಿಯಮವಿಲ್ಲ. ಇದರಲ್ಲಿ ಆನುವಂಶಿಕತೆಯ ಪಾತ್ರ ಹಿರಿದೆಂದು ಅವಳಿಗಳ ಅಧ್ಯಯನಗಳು ತೋರಿಸಿವೆ. ಮಗುವನ್ನು ತೋರಿಸಲು ಬಂದ ತಂದೆಯೋ ತಾಯಿಯೋ ವೈದ್ಯರ ಪ್ರಶ್ನೆಗಳಲ್ಲಿ ತಮ್ಮನ್ನೇ ಗುರುತಿಸಿಕೊಳ್ಳುವುದು ಆಶ್ಚರ್ಯವಲ್ಲ.

ಮಾಪಕವಿಲ್ಲದ ಅಳತೆ

ಜ್ವರವನ್ನು ಉಷ್ಣಮಾಪಕದಿಂದ ಅಳೆಯಬಹುದು. ಅವಧಾನದ ಈ ತೊಂದರೆಯನ್ನು ನಿರ್ಣಯಿಸುವ ರಕ್ತಪರೀಕ್ಷೆಯಾಗಲಿ ಮೆದುಳಿನ ಚಿತ್ರವಾಗಲಿ ಇಂದಿಗೂ ಇಲ್ಲ. ಹಾಗೆಂದ ಮಾತ್ರಕ್ಕೆ ನಿರ್ಣಯವು ಊಹೆಯಲ್ಲ. ನಾವು ಭೌತವಿಜ್ಞಾನದ ಉಪಾಧ್ಯಾಯರು. ನಮ್ಮ ಪ್ರಯೋಗಶಾಲೆಯ ಸ್ಕ್ರೂಗೇಜನ್ನು ಇಲ್ಲಿ ನೆನೆಯಬಹುದು. ತಂತಿಯ ದಪ್ಪವನ್ನು ಒಂದೇ ಕಡೆ ಒಮ್ಮೆ ಅಳೆದು ನಾವು ನಂಬುವುದಿಲ್ಲ. ಹಲವು ಕಡೆ ಅಳೆಯುತ್ತೇವೆ. ಉಪಕರಣದ ಶೂನ್ಯದೋಷವನ್ನೂ ಕಳೆಯುತ್ತೇವೆ. ವೈದ್ಯರು ಮಾಡುವುದೂ ಇಂಥದೇ.

2013ರಲ್ಲಿ ಪ್ರಕಟವಾದ ಅಮೆರಿಕದ ಕೈಪಿಡಿಯ ಐದನೆಯ ಆವೃತ್ತಿಯು ಅವಧಾನದ ಕೊರತೆಗೆ 9, ಅತಿಚಟುವಟಿಕೆ ಮತ್ತು ದುಡುಕಿಗೆ 9 ಲಕ್ಷಣಗಳನ್ನು ಕೊಡುತ್ತದೆ. ಒಂದು ಗುಂಪಿನಲ್ಲಾದರೂ ಮಕ್ಕಳಿಗೆ ಕನಿಷ್ಠ 6, ಹದಿನೇಳು ತುಂಬಿದವರಿಗೆ 5 ಲಕ್ಷಣಗಳು ಆರು ತಿಂಗಳಿಗೆ ಕಡಮೆಯಿಲ್ಲದೆ ಇರಬೇಕು. ಕೆಲವಾದರೂ ಲಕ್ಷಣಗಳು 12 ವರ್ಷಕ್ಕೆ ಮೊದಲೇ ಕಂಡಿರಬೇಕು. ಮನೆ, ಶಾಲೆ, ಉದ್ಯೋಗಗಳಂಥ ಎರಡು ಕಡೆಗಳಲ್ಲಾದರೂ ತೋರಬೇಕು. ಬಾಳಿಗೆ ನಿಜವಾದ ಅಡಚಣೆಯನ್ನು ಉಂಟುಮಾಡಿರಬೇಕು. ಆದ್ದರಿಂದಲೇ ವೈದ್ಯರು ತಾಯಿತಂದೆಗಳನ್ನು ಕೇಳುವರು, ಉಪಾಧ್ಯಾಯರ ಅಭಿಪ್ರಾಯ ತರಿಸುವರು. ದೊಡ್ಡವರಾದರೆ ಬಾಲ್ಯವನ್ನು ಕಂಡ ಹಿರಿಯರನ್ನು ವಿಚಾರಿಸಿ, ಹಳೆಯ ಅಂಕಪಟ್ಟಿಯ ಷರಾಗಳನ್ನೂ ನೋಡುವರು.

ಇನ್ನು ಶೂನ್ಯದೋಷ. ನಿದ್ದೆಗೆಟ್ಟವನಿಗೂ ಗಮನ ನಿಲ್ಲದು. ಕಿವಿ ಮಂದವಾದ ಮಗು ಪಾಠ ಕೇಳದಂತೆ ಕಾಣುತ್ತದೆ. ಕಪ್ಪುಹಲಗೆಯ ಅಕ್ಷರ ಕಾಣದ ಮಗು ಬರೆಯದೆ ಕೂರುತ್ತದೆ. ಥೈರಾಯ್ಡ್ ಗ್ರಂಥಿಯ ದೋಷ, ಆತಂಕ, ಖಿನ್ನತೆ, ಕಲಿಕೆಯ ನ್ಯೂನತೆ, ಮಾದಕವಸ್ತುಗಳ ಚಟ ಇವೂ ಇದೇ ವೇಷದಲ್ಲಿ ಬರಬಲ್ಲವು, ಕೆಲವೊಮ್ಮೆ ಎ.ಡಿ.ಎಚ್.ಡಿ.ಯ ಜೊತೆಗೇ ಇರುವುದೂ ಉಂಟು. ಇವನ್ನೆಲ್ಲ ಶೋಧಿಸದೆ ಹತ್ತು ನಿಮಿಷದಲ್ಲಿ ಕೊಟ್ಟ ನಿರ್ಣಯವನ್ನು ನೆಚ್ಚಲಾಗದು. ಪ್ರಶ್ನಾವಳಿಯೊಂದನ್ನು ತಾನೇ ತುಂಬಿ ತನಗೆ ತಾನೇ ಹೆಸರಿಟ್ಟುಕೊಳ್ಳುವುದೂ ಅಷ್ಟೆ.

ಔಷಧವೂ ಅಭ್ಯಾಸವೂ

1937ರಲ್ಲಿ ಅಮೆರಿಕದ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯನು 30 ಮಕ್ಕಳಿಗೆ ಬೆಂಜಡ್ರೀನ್ ಎಂಬ ಉತ್ತೇಜಕವನ್ನು ಕೊಟ್ಟಾಗ, ಸುಮಾರು ಅರ್ಧದಷ್ಟು ಮಕ್ಕಳು ಪಾಠದಲ್ಲಿ ಎದ್ದುಕಾಣುವಂತೆ ಸುಧಾರಿಸಿದರು. 1944ರಲ್ಲಿ ಸ್ವಿಟ್ಜರ್ಲೆಂಡಿನ ಲಿಯಾಂಡ್ರೊ ಪ್ಯಾನಿಜಾನ್ ಎಂಬ ರಸಾಯನಜ್ಞನು ಸಿದ್ಧಪಡಿಸಿದ ಮಿಥೈಲ್‌ಫೆನಿಡೇಟ್ ಇಂದು ಈ ಚಿಕಿತ್ಸೆಯ ಮುಖ್ಯ ಔಷಧಗಳಲ್ಲಿ ಒಂದು. ಚಡಪಡಿಸುವವನಿಗೆ ಉತ್ತೇಜಕವೆ? ಎಂದು ವಾಚಕರು ಕೇಳಬಹುದು. ನರಕೋಶಗಳು ಡೋಪಮೀನ್ ಮೊದಲಾದ ದ್ರವ್ಯಗಳಿಂದ ಒಂದಕ್ಕೊಂದು ಸಂದೇಶ ಕಳುಹುತ್ತವೆ. ಕಳುಹಿದ ದ್ರವ್ಯವನ್ನು ಮತ್ತೆ ಒಳಗೆಳೆದುಕೊಳ್ಳುತ್ತವೆ. ಮಿಥೈಲ್‌ಫೆನಿಡೇಟ್ ಈ ಹಿಂದೆಳೆತವನ್ನು ತಡೆಯುತ್ತದೆ. ತೊಟ್ಟಿಗೆ ಬೀಳುವ ನೀರು ಅಷ್ಟೇ ಇದ್ದರೂ ಹೊರಹೋಗುವ ದಾರಿಯನ್ನು ಕಿರಿದುಮಾಡಿದರೆ ಮಟ್ಟ ಏರುವುದಷ್ಟೆ. ಅವಧಾನವನ್ನು ಆಳುವ ಮೆದುಳಿನ ಭಾಗಗಳಿಗೆ ಇದು ಸಹಾಯಕವಾಗುತ್ತದೆ.

ಆದರೆ ಔಷಧವು ಹಸಿವನ್ನೂ ನಿದ್ದೆಯನ್ನೂ ತಗ್ಗಿಸಬಲ್ಲದು. ನಾಡಿ ಮತ್ತು ರಕ್ತದೊತ್ತಡಗಳನ್ನು ಏರಿಸಬಲ್ಲದು. ಆದ್ದರಿಂದ ಅವನ್ನೂ, ಮಕ್ಕಳಾದರೆ ಎತ್ತರ ತೂಕಗಳನ್ನೂ ವೈದ್ಯರು ಆಗಾಗ ನೋಡಬೇಕು. ಪರೀಕ್ಷೆಯ ಕಾಲದಲ್ಲಿ ಗೆಳೆಯನ ಮಾತ್ರೆಯನ್ನು ನುಂಗುವುದು ಅಪಾಯ, ಕಾನೂನಿಗೂ ವಿರುದ್ಧ. ಉತ್ತೇಜಕ ಒಗ್ಗದವರಿಗೆ ಆಟೊಮಾಕ್ಸೆಟೀನ್‌ನಂಥ ಬೇರೆ ಔಷಧಗಳುಂಟು.

ಆರು ವರ್ಷದೊಳಗಿನ ಮಕ್ಕಳಿಗೆ ಮೊದಲು ಔಷಧವಲ್ಲ. ನಡವಳಿಕೆಯನ್ನು ತಿದ್ದುವ ಬಗೆಯಲ್ಲಿ ತಾಯಿತಂದೆಗಳಿಗೆ ತರಬೇತು. ದೊಡ್ಡವರಿಗೆ, ಆಲೋಚನೆ ಮತ್ತು ನಡವಳಿಕೆಗಳನ್ನು ತಿದ್ದಿಕೊಳ್ಳುವ ಮನಶ್ಚಿಕಿತ್ಸೆಯು ಔಷಧದೊಡನೆ ನೆರವಾಗುತ್ತದೆ. ದೊಡ್ಡ ಕೆಲಸವನ್ನು ಸಣ್ಣ ಸಣ್ಣದಾಗಿ ಒಡೆಯುವುದು, ಮಾಡಬೇಕಾದುದನ್ನು ಬರೆದಿಡುವುದು, ಓದುವ ಮೇಜಿನಿಂದ ಮೊಬೈಲನ್ನು ದೂರವಿಡುವುದು, ಹೊತ್ತಿಗೆ ಸರಿಯಾಗಿ ಮಲಗುವುದು ಇವೂ ಚಿಕಿತ್ಸೆಯ ಅಂಗಗಳೇ. ಮಾತ್ರೆಯು ಗಮನವನ್ನು ನಿಲ್ಲಿಸಲು ನೆರವಾದೀತು. ತಪ್ಪಿಹೋದ ಪಾಠವನ್ನು ಕಲಿಸಲಾರದು.

ಎಲ್ಲಿಗೆ ಹೋಗಬೇಕು? ಮಕ್ಕಳಿಗಾದರೆ ಮೊದಲು ಮಕ್ಕಳ ತಜ್ಞರನ್ನು, ದೊಡ್ಡವರಾದರೆ ಮನೋವೈದ್ಯರನ್ನು ಕಾಣಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಕ್ಕಳ ಮತ್ತು ಹರೆಯದವರ ಮನೋವೈದ್ಯಕ್ಕೆ ಪ್ರತ್ಯೇಕ ವಿಭಾಗವುಂಟು. ದಾರಿ ತಿಳಿಯದವರು, 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರವು ಆರಂಭಿಸಿದ ಟೆಲಿ ಮಾನಸ್ ಸೇವೆಯನ್ನು 14416 ಸಂಖ್ಯೆಯಲ್ಲಿ ಉಚಿತವಾಗಿ, ಕನ್ನಡದಲ್ಲಿಯೇ ವಿಚಾರಿಸಬಹುದು.

‘ಸೋಮಾರಿ’ ಎಂಬುದು ಒಂದು ಬೈಗುಳ. ಅದರಿಂದ ಕಾರಣ ತಿಳಿಯುವುದಿಲ್ಲ. ವರ್ಷಗಟ್ಟಲೆ ಅದನ್ನು ಕೇಳಿದ ವಿದ್ಯಾರ್ಥಿಯು ಕೊನೆಗೆ ತಾನೂ ಅದನ್ನೇ ನಂಬಿಬಿಡುತ್ತಾನೆ. ತಪಾಸಣೆಯ ಫಲ ಎ.ಡಿ.ಎಚ್.ಡಿ. ಅಲ್ಲವೆಂದೇ ಆಗಬಹುದು; ಆಗಲೂ ನಿದ್ದೆಯೋ ಕಣ್ಣೋ ಆತಂಕವೋ, ನಿಜವಾದ ಕಾರಣದತ್ತ ದಾರಿ ತೆರೆಯುತ್ತದೆ. ಹೌದೆಂದಾದರೆ ಚಿಕಿತ್ಸೆಯುಂಟು. ಎರಡು ಬಗೆಯಲ್ಲಿಯೂ ಲಾಭವೇ ಆದ್ದರಿಂದ, ಸಂದೇಹವುಳ್ಳವರು ವಯಸ್ಸನ್ನು ಎಣಿಸದೆ ವೈದ್ಯರಲ್ಲಿಗೆ ಹೋಗುವುದು ಲೇಸು.